ಮನೆಯಲ್ಲೇ ಕಟ್ಟಿದ ಜೀಪಿಗೆ ಬ್ಲೇಡ್ ಕೂರಿಸುವ ಕೈಪಿಡಿ

ವ್ಯಾಪ್ತಿ

ಈ ಕೈಪಿಡಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸರಹದ್ದಿನೊಳಗೆ ಮಾತ್ರ ಊರ್ಜಿತ. ಇದನ್ನು ಪಾಲಿಸಿಕೊಂಡು ಮದ್ದೂರು ದಾಟಿದ ಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ ಮಂಡ್ಯದವರನ್ನು ವಿಚಾರಿಸಿಕೊಳ್ಳಿ. ಜಿಲ್ಲೆ 2007ರಲ್ಲಿ ರಾಮನಗರ ಎಂದು ಹುಟ್ಟಿತು, 2025ರಲ್ಲಿ ರಾಜ್ಯ ಸರ್ಕಾರ ಅದನ್ನು ಬೆಂಗಳೂರು ದಕ್ಷಿಣ ಎಂದು ಕರೆಯಿತು. ರಸ್ತೆಯ ಗುಂಡಿಗಳಿಗೆ ಹೊಸ ಹೆಸರು ಇನ್ನೂ ಮುಟ್ಟಿದಂತಿಲ್ಲವಾದ್ದರಿಂದ ಇಲ್ಲಿ ಹಳೆಯ ಅಳತೆಗಳನ್ನೇ ಇಟ್ಟುಕೊಂಡಿದ್ದೇನೆ.

ಯಾರಿಗಾಗಿ ಎಂದರೆ, ಕೊಟ್ಟಿಗೆಯ ಪಕ್ಕ ಟಾರ್ಪಾಲು ಹೊದ್ದು ಯಾರ ಮನೆಯಲ್ಲಿ ಒಂದು ಜೀಪಿನ ಚಾಸಿ ಮಲಗಿದೆಯೋ, ಎಂಜಿನ್ನು ಕಲಾಸಿಪಾಳ್ಯದಿಂದಲೂ ಸ್ಟೇರಿಂಗು ಶಿವಾಜಿನಗರದ ಗುಜರಿಯಿಂದಲೂ ಬಂದು, ಬಾಡಿ ಮಾತ್ರ ಇನ್ನೂ ಮನಸ್ಸಿನಲ್ಲೇ ಇದೆಯೋ ಅಂಥವರಿಗಾಗಿ. ಅಮೆರಿಕದಲ್ಲಿ ಈ ಕಾಯಿಲೆಗೆ ಹಾಟ್ ರಾಡ್ ಎಂದು ಹೆಸರು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳ ಮಡ್‌ಗಾರ್ಡು, ಟಾಪು ಎಲ್ಲ ಕಿತ್ತೆಸೆದು, 1932ರಲ್ಲಿ ಫೋರ್ಡ್ ಹೊರತಂದ ವಿ-8 ಎಂಜಿನ್ನನ್ನು ಅದರೊಳಗೆ ತುರುಕಿ, ಮ್ಯೂರಾಕ್ ಎಂಬ ಒಣ ಕೆರೆಯ ಅಂಗಳದಲ್ಲಿ ಓಡಿಸುತ್ತಿದ್ದರು. ಒಣ ಕೆರೆಗೆ ನಮ್ಮಲ್ಲೂ ಬರವಿಲ್ಲ. ಹಳೆಯ ಫೋರ್ಡಿಗೆ ಬರ. ಅದರ ಜಾಗದಲ್ಲಿ ನಮಗೆ ದೇವರು ಮತ್ತು ಮಹೀಂದ್ರಾ ಕಂಪನಿ ಸೇರಿ ಜೀಪನ್ನು ಕೊಟ್ಟಿದ್ದಾರೆ: ಮುಂದೆ ಎರಡು, ಹಿಂದೆ ಎರಡು, ನಾಲ್ಕೂ ಕಡೆ ಬ್ಲೇಡ್ ಸೆಟ್ಟು, ಅಂದರೆ ಗಾಡಿಯ ಭಾರ ಹೊರಲು ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು.

ಈ ಜಿಲ್ಲೆಯ ಮೊದಲ ಹಾಟ್ ರಾಡ್ ಯಾವುದೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ತಯಾರಿದೆ. 1973ರಿಂದ ರಾಮದೇವರ ಬೆಟ್ಟದ ಬುಡದಲ್ಲಿ ಚಿತ್ರೀಕರಣವಾಗಿ 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾದ ‘ಶೋಲೆ’ಯ ಬಸಂತಿಯ ಜಟಕಾ. ಒಂದು ಕುದುರೆಯ ಶಕ್ತಿ, ಬಾಡಿ ನೆಪಕ್ಕೆ, ಹಾರನ್ನಿನ ಕೆಲಸವನ್ನು ಓಡಿಸುವವಳೇ ಬಾಯಲ್ಲಿ ಮಾಡುತ್ತಿದ್ದಳು. ಡಕಾಯಿತರು ಅಟ್ಟಿಸಿಕೊಂಡು ಬರುವಾಗ ಎಲ್ಲರೂ ಕುದುರೆಯನ್ನು ನೋಡಿದರು. ಜಟಕಾದ ಸೀಟಿನ ಕೆಳಗೆ ಸಾಮಾನ್ಯವಾಗಿ ಇರುವ ಬಾಗಿದ ಉಕ್ಕಿನ ಪಟ್ಟಿಗಳ ಕಡೆ ಯಾರ ಗಮನವೂ ಹೋಗಲಿಲ್ಲ. ಈ ಕೈಪಿಡಿ ಆ ಅನ್ಯಾಯವನ್ನು ಸರಿಪಡಿಸುವ ಸಣ್ಣ ಪ್ರಯತ್ನ.

ಎಚ್ಚರಿಕೆ

ಮೊದಲು ಕಾನೂನನ್ನು ಮುಗಿಸಿಕೊಳ್ಳೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯನ್ನೂ ಹೇಳಿದ್ದಾರೆ: ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ‘ಒಂದೊಂದು ಬದಲಾವಣೆಗೆ’ ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ. ಬ್ರೇಕ್ ಇನ್ಸ್‌ಪೆಕ್ಟರು ಕೈಯಲ್ಲಿ ಪೆನ್ನು ಹಿಡಿದು ನಿಮ್ಮ ಜೀಪಿಗೆ ಒಂದು ಪ್ರದಕ್ಷಿಣೆ ಹಾಕಿ ಬರುವಷ್ಟರಲ್ಲಿ ದಂಡದ ಮೊತ್ತ ಜೀಪಿನ ಬೆಲೆಯನ್ನು ದಾಟಿರುತ್ತದೆ.

ಹಾಗಾಗಿ ಜೀಪಿಗೆ ಕೆಎ-42 ನಂಬರು, ನೆಟ್ಟಗಿರುವ ಆರ್‌ಸಿ ಇದ್ದು, ನೀವು ಹಾಕುವುದು ಕಂಪನಿಯ ಅಳತೆಯ ಬ್ಲೇಡೇ ಆಗಿದ್ದರೆ ಜೀಪು ರಸ್ತೆಗೆ. ಉಳಿದೆಲ್ಲ ಕಸರತ್ತು ನಿಮ್ಮ ಮಾವಿನ ತೋಪಿನ ಬೇಲಿಯೊಳಗೆ. ತೋಪಿಲ್ಲದವರು ಮಾವನ ಮನೆಯವರ ತೋಪು ನೋಡಿಕೊಳ್ಳಬಹುದು.

ಇನ್ನೊಂದು ಎಚ್ಚರಿಕೆಯನ್ನು ಮಾತ್ರ ತಮಾಷೆಯಿಲ್ಲದೆ ಹೇಳುತ್ತೇನೆ. ಬ್ಲೇಡ್ ಸೆಟ್ಟು ಬಿಗಿದು ಕಟ್ಟಿದ ಉಕ್ಕು. ಒಂದೊಂದು ಬ್ಲೇಡಿನ ಬಾಗೂ ಬೇರೆ ಬೇರೆ. ನಡುವಿನ ಸೆಂಟರ್ ಬೋಲ್ಟು ಅವನ್ನು ಬಲವಂತವಾಗಿ ಒಂದಕ್ಕೊಂದು ಅಪ್ಪಿಸಿರುತ್ತದೆ. ಕ್ಲ್ಯಾಂಪ್ ಹಾಕದೆ ಆ ಬೋಲ್ಟು ಬಿಚ್ಚಿದರೆ ಕೊನೆಯ ಎಳೆಯಲ್ಲಿ ನಟ್ಟು ಹಾರುತ್ತದೆ, ಬ್ಲೇಡು ನೆಗೆಯುತ್ತದೆ, ಎದುರಿಗೆ ನಿಮ್ಮ ಮುಖವಿರುತ್ತದೆ. ಗಾಡಿಯನ್ನು ಜಾಕಿಯ ಮೇಲೆ ನಿಲ್ಲಿಸಿ ಕೆಳಗೆ ತೂರಬೇಡಿ. ಹಾಲೋಬ್ಲಾಕು ಪುಡಿಯಾಗುತ್ತದೆ, ಇಟ್ಟಿಗೆ ಜಾರುತ್ತದೆ. ಜಿಲ್ಲೆ ತುಂಬ ಕಲ್ಲುಗಣಿಯಿದೆಯೆಂದು ಸೈಜುಗಲ್ಲು ಪೇರಿಸುವ ರೂಢಿಯೂ ಉಂಟು, ಅದೂ ಬೇಡ. ಕಬ್ಬಿಣದ ಸ್ಟ್ಯಾಂಡು ಬಾಡಿಗೆಗಾದರೂ ತನ್ನಿ.

ಬ್ಲೇಡನ್ನು ಆರಿಸುವುದು

ಈ ಜಿಲ್ಲೆಯಲ್ಲಿ ತೂಕ ಹಾಕದ ಪದಾರ್ಥವಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ತೂಗುತ್ತಾರೆ, ಮಾಗಡಿಯಲ್ಲಿ ಹುಣಸೆಹಣ್ಣು ತೂಗುತ್ತಾರೆ, ಮಂಡಿಯಲ್ಲಿ ಮಾವು ತೂಗುತ್ತಾರೆ. ತಕ್ಕಡಿ ಒಂದು ಚೂರು ಆಚೀಚೆಯಾದರೆ ಜಗಳವೂ ಆಗುತ್ತದೆ. ಆದರೆ ಜೀಪಿಗೆ ಬ್ಲೇಡ್ ಕೊಳ್ಳುವಾಗ ಮಾತ್ರ ಎಲ್ಲರದೂ ಕಣ್ಣಂದಾಜು. ‘ನೋಡೋಕೆ ದಪ್ಪಗೈತೆ, ಹಾಕ್ಬುಡಿ’ ಎನ್ನುವುದೇ ಇಲ್ಲಿಯ ಎಂಜಿನಿಯರಿಂಗು.

ನೀವು ಹಾಗೆ ಮಾಡಬೇಡಿ. ಕಲ್ಲು ಲಾರಿಗಳು ತೂಕ ಹಾಕಿಸುವ ಯಾವುದಾದರೂ ವೇ ಬ್ರಿಡ್ಜಿಗೆ ಜೀಪನ್ನು ಎಳೆದುಕೊಂಡು ಹೋಗಿ. ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ಹತ್ತಿಸಿ ಒಂದು ಚೀಟಿ, ಹಿಂದಿನವನ್ನು ಮಾತ್ರ ಹತ್ತಿಸಿ ಇನ್ನೊಂದು ಚೀಟಿ ತೆಗೆದುಕೊಳ್ಳಿ. ಅಲ್ಲಿಯ ಹುಡುಗ ‘ಏನ್ ಲೋಡು ಅಣ್ಣಾ?’ ಎಂದು ಕೇಳುತ್ತಾನೆ. ‘ಆಸೆ’ ಎಂದು ಬರೆಸಿ. ಉದಾಹರಣೆಗೆ ಹಿಂದಿನ ಆಕ್ಸಲ್ಲಿನ ಮೇಲೆ 550 ಕಿಲೋ ಬಂತು ಎಂದಿಟ್ಟುಕೊಳ್ಳೋಣ. ಅದರಲ್ಲಿ ಆಕ್ಸಲ್ಲು, ಚಕ್ರ, ಬ್ರೇಕು ಎಲ್ಲ ಸೇರಿ 150 ಕಿಲೋ ಬ್ಲೇಡಿನ ಕೆಳಗಡೆಯ ಸಂಸಾರ. ಅದನ್ನು ಬ್ಲೇಡು ಹೊರುವುದಿಲ್ಲ, ಟೈರು ಹೊರುತ್ತದೆ. ಉಳಿದ 400 ಕಿಲೋವನ್ನು ಎರಡು ಸೆಟ್ಟು ಹಂಚಿಕೊಂಡರೆ ಒಂದಕ್ಕೆ 200 ಕಿಲೋ. ನೀವು ಬ್ಲೇಡು ಹುಡುಕಬೇಕಾದ್ದು ಈ 200 ಕಿಲೋಗೆ. ನಿಮ್ಮ ಊರಿನಲ್ಲಿ ನಿಮಗಿರುವ ಮರ್ಯಾದೆಗಲ್ಲ.

ಈಗ ಸ್ವಲ್ಪ ಲೆಕ್ಕ. ಪಿಯುಸಿಯಲ್ಲಿ ಫಿಸಿಕ್ಸು ಬಿಟ್ಟವರು ಮುಂದಿನ ಎರಡು ಪ್ಯಾರಾ ಹಾರಿಸಬಹುದು. ಆದರೆ ಹಾರಿಸಿದವರೇ ಆಮೇಲೆ ಹಂಪಿನ ಮೇಲೂ ಹಾರುತ್ತಾರೆ.

ಒಂದು ಸೆಟ್ಟಿನ ಗಡಸುತನ ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ಎಷ್ಟು ಬ್ಲೇಡು, ಎಷ್ಟು ಅಗಲ, ಎಷ್ಟು ದಪ್ಪ, ಎಷ್ಟು ಉದ್ದ. ಬ್ಲೇಡಿನ ಸಂಖ್ಯೆ ಎರಡರಷ್ಟಾದರೆ ಗಡಸುತನ ಎರಡರಷ್ಟು. ಅಗಲಕ್ಕೂ ಅದೇ ನ್ಯಾಯ. ದಪ್ಪ ಮಾತ್ರ ಬೇರೆ ಕುಲದ್ದು. ಅದು ಎರಡರಷ್ಟಾದರೆ ಗಡಸುತನ ಎಂಟರಷ್ಟು, ಯಾಕೆಂದರೆ ದಪ್ಪದ ಘನವನ್ನು ಲೆಕ್ಕಕ್ಕೆ ಹಿಡಿಯಬೇಕು. 6 ಮಿಲಿಮೀಟರಿನ ಬ್ಲೇಡಿನ ಬದಲು 7 ಹಾಕಿದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಗಡಸುತನ ಮಾತ್ರ ಒಂದೂವರೆ ಪಟ್ಟು ದಾಟುತ್ತದೆ. ಉದ್ದದ್ದೂ ಘನವೇ, ಆದರೆ ತಿರುಗಾ ಮುರುಗಾ: ಉದ್ದ ಹೆಚ್ಚಿದಷ್ಟೂ ಬ್ಲೇಡು ಮೆತ್ತಗೆ. ಹಳೆಯ ಜೀಪಿನ ಬ್ಲೇಡಿನ ಅಗಲ ಒಂದೂ ಮುಕ್ಕಾಲು ಇಂಚು. 6 ಮಿ.ಮೀ. ದಪ್ಪದ 7 ಬ್ಲೇಡು, ತುದಿಯಿಂದ ತುದಿಗೆ ಒಂದು ಮೀಟರು ಎಂದು ಹಿಡಿದರೆ, ಸೆಟ್ಟು ಒಂದು ಮಿಲಿಮೀಟರು ಬಗ್ಗಲು ಸುಮಾರು ಮೂರೂವರೆ ಕಿಲೋ ಭಾರ ಬೇಕು. ನಮ್ಮ 200 ಕಿಲೋಗೆ ಅದು ಸುಮಾರು 55 ಮಿ.ಮೀ. ಬಗ್ಗಿ ನಿಲ್ಲುತ್ತದೆ.

ಹೀಗೆ ಬಗ್ಗಿ ನಿಂತ ಜೀಪಿಗೆ ಒಂದು ತಾಳವಿದೆ. 55 ಮಿ.ಮೀ. ಬಗ್ಗಿದ್ದರೆ ಅದು ಸೆಕೆಂಡಿಗೆ ಎರಡು ಸಲಕ್ಕಿಂತ ಒಂಚೂರು ಹೆಚ್ಚು ಕುಲುಕುತ್ತದೆ. ಕಾರುಗಳದು ಒಂದರಿಂದ ಒಂದೂವರೆ ಇರುತ್ತದೆ, ಜೀಪಿಗೆ ಎರಡು ಸಹಜ. ಕಡಿಮೆ ಬಗ್ಗಿದರೆ ತಾಳ ಚುರುಕು. ಇದನ್ನು ಹಾಗೇ ನೆನಪಿನಲ್ಲಿಟ್ಟುಕೊಳ್ಳಿ, ಯಾಕೆಂದರೆ ಈಗ ನಿಮ್ಮ ಭಾವಮೈದ ಬರುತ್ತಾನೆ.

ಯಾವ ಹೊತ್ತಿಗೆ ಬರುತ್ತಾನೆಂದು ಹೇಳಲಾಗದು, ಬರುವುದು ಮಾತ್ರ ಖಂಡಿತ. ಕೈಯಲ್ಲಿ ಟೀ ಲೋಟ ಹಿಡಿದು, ಚಾಸಿಯನ್ನು ಕಾಲಿನಿಂದ ಎರಡು ಸಲ ತುಳಿದು, ‘ಭಾವ, ಇದು ತಡೆಯಕ್ಕಿಲ್ಲ. ಕನಕ್ಪುರ್ದಲ್ಲಿ ನಮ್ ಹುಡುಗ್ನ ಲಾರಿ ಐತೆ, ಅದರ್ದು ಹಳೇ ಬ್ಲೇಡ್ ತಂದ್ಕೊಡ್ತೀನಿ. ಇನ್ನೊಂದ್ ಬ್ಲೇಡ್ ಏರ್ಸ್‌ಬುಡಿ, ಜಲ್ಮಕ್ಕೆ ಮುಟ್ಟಂಗಿಲ್ಲ’ ಎನ್ನುತ್ತಾನೆ. ಸುತ್ತ ನಿಂತವರೆಲ್ಲ ತಲೆಯಾಡಿಸುತ್ತಾರೆ. ನಾಲ್ಕೂ ತಾಲ್ಲೂಕಿನಲ್ಲಿ ಗಟ್ಟಿ ಎನ್ನುವುದು ಹೊಗಳಿಕೆ. ಬಗ್ಗುವುದಕ್ಕೇ ಹುಟ್ಟಿದ ವಸ್ತುವನ್ನೂ ಬಗ್ಗದಂತೆ ಮಾಡಿದರೆ ಮಾತ್ರ ನಮಗೆ ಸಮಾಧಾನ.

ಅವನು ತರುವ ಲಾರಿ ಬ್ಲೇಡು 70 ಮಿ.ಮೀ. ಅಗಲ, 12 ಮಿ.ಮೀ. ದಪ್ಪ ಎಂದುಕೊಳ್ಳಿ. ಜೀಪಿನ ಉದ್ದಕ್ಕೆ ಅದನ್ನು ಕತ್ತರಿಸಿದರೆ, ಆ ಒಂದೇ ಒಂದು ಬ್ಲೇಡು ಹನ್ನೆರಡೂವರೆ ಜೀಪ್ ಬ್ಲೇಡುಗಳಿಗೆ ಸಮ. ‘ಇನ್ನೊಂದು ಬ್ಲೇಡ್’ ಎಂದು ಅವನು ಹೇಳಿದ್ದು, ನೀವು ಏರಿಸಿದ್ದು ಒಂದು ಡಜನ್. ಈಗ ನಿಮ್ಮ ಸೆಟ್ಟು 55ರ ಬದಲು 20 ಮಿ.ಮೀ. ಬಗ್ಗುತ್ತದೆ. ಇದೂ ಸಾಲದೆಂದು ಇನ್ನೊಂದನ್ನು ಏರಿಸಿದರೆ ಬಗ್ಗುವುದು 12 ಮಿ.ಮೀ., ತಾಳ ಸೆಕೆಂಡಿಗೆ ನಾಲ್ಕೂವರೆ. ಮನುಷ್ಯನ ದೇಹ ಮೇಲೆ-ಕೆಳಗಿನ ಕುಲುಕಾಟಕ್ಕೆ ಎಲ್ಲಕ್ಕಿಂತ ಹೆಚ್ಚು ನಲುಗುವುದು ಸೆಕೆಂಡಿಗೆ 4ರಿಂದ 8 ಸಲದ ನಡುವೆ ಎಂದು ಐಎಸ್‌ಒ ಮಾನದಂಡದಲ್ಲೇ ಇದೆ. ಅಂದರೆ ಒಂದು ಪೈಸೆ ಖರ್ಚಿಲ್ಲದೆ, ಬರೀ ಭಾವಮೈದನ ಪ್ರೀತಿಯಿಂದ, ಜೀಪಿನ ಶ್ರುತಿಯನ್ನು ನಿಮ್ಮ ಹೊಟ್ಟೆಯೊಳಗಿನ ಮುದ್ದೆಯ ಶ್ರುತಿಗೆ ಸರಿಯಾಗಿ ಕೂಡಿಸಿದಂತಾಯಿತು.

ಲಾರಿಗೆ ದಪ್ಪ ಬ್ಲೇಡು ಯಾಕೆ ಬೇಕೆಂದರೆ ಅದು ಕನಕಪುರದ ಗ್ರಾನೈಟು ಹೊರುತ್ತದೆ. ನೀವು ಹೊರುವುದು ಹೆಂಡತಿ, ಇಬ್ಬರು ಮಕ್ಕಳು, ಹಬ್ಬದ ದಿನ ಒಂದು ಬಾಳೆಗೊನೆ. ಹಾಗಿದ್ದರೆ ಎಲ್ಲಿಂದ ತರಬೇಕು? ಕಂಪನಿಯ ಅಳತೆಯ ಹೊಸ ಬ್ಲೇಡು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಅದೇ ಸರಿಯಾದ ದಾರಿ, ಆದ್ದರಿಂದ ಯಾರೂ ಹಿಡಿಯುವುದಿಲ್ಲ. ಗುಜರಿಯ ದಾರಿಯೇ ಬೇಕೆನ್ನುವವರಿಗೆ ನನ್ನ ಅಭಿಪ್ರಾಯ ಇಷ್ಟು. ಅಂಬಾಸಿಡರ್, ಪದ್ಮಿನಿ ಎರಡಕ್ಕೂ ಹಿಂದೆ ಬ್ಲೇಡಿತ್ತು, ಒಳ್ಳೆಯ ಬ್ಲೇಡು, ಆದರೆ ಈಗ ಸಿಗುವವು ಮುದುಕಾಗಿವೆ. ಓಮ್ನಿಯದು ತೀರಾ ಎಳಸು. ಟಾಟಾ ಏಸ್ 2005ರಲ್ಲಿ ಬಂದಾಗಿನಿಂದ ಹಿಂದೆ ಮುಂದೆ ಎರಡೂ ಕಡೆ ಬ್ಲೇಡಿನ ಮೇಲೇ ಓಡುತ್ತಿದೆ. ರೇಷ್ಮೆಗೂಡು, ಕೋಳಿ, ಸೊಪ್ಪು ಎಲ್ಲವನ್ನೂ ಹೊತ್ತು ಈ ಜಿಲ್ಲೆಯನ್ನು ಸಾಕುತ್ತಿರುವ ಗಾಡಿ, ಆದರೆ ಅದರ ಹಿಂದಿನ ಸೆಟ್ಟು ಹೊರೆಗೆಂದೇ ಮಾಡಿದ್ದು, ಖಾಲಿ ಜೀಪಿಗೆ ಒರಟು.

ನಿಜವಾದ ಸ್ಥಳೀಯ ಆಯ್ಕೆ ಕ್ವಾಲಿಸ್. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ದ ಸುಮಾರಿಗೆ ಹೊರಬಂದ ಮೊದಲ ಗಾಡಿ ಅದು. ಹಿಂದಿನ ಆಕ್ಸಲ್ಲಿಗೆ ಬ್ಲೇಡು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು, ಬ್ಲೇಡು ಹೋಗಿ ಕಾಯಿಲ್ ಸ್ಪ್ರಿಂಗು ಬಂತು, ಸವಾರಿ ಮೆತ್ತಗಾಯಿತು, ಮದುವೆಯ ದಿಬ್ಬಣದವರ ಮಾತೂ ಮೆತ್ತಗಾಯಿತು. ತಟ್ಟೆ ಇಡ್ಲಿಯ ಊರಿನಲ್ಲೇ ಹುಟ್ಟಿದ ಬ್ಲೇಡು ನಿಮ್ಮ ಕೈಗೆ ಸಿಕ್ಕಿ, ಅದರ ಉದ್ದ, ಅಗಲ, ದಪ್ಪ ಮೂರೂ ನಿಮ್ಮ ಲೆಕ್ಕಕ್ಕೆ ಕೂಡಿದರೆ ಸರಿ. ಕೂಡದಿದ್ದರೆ ಜಿಲ್ಲಾಭಿಮಾನವನ್ನು ಬದಿಗಿಡಿ.

ಹಳೆಯ ಬ್ಲೇಡು ಕೊಳ್ಳುವಾಗ ಮೂರು ಕಡೆ ನೋಡಿ. ನಡುವಿನ ತೂತಿನ ಸುತ್ತ ಕೂದಲೆಳೆಯ ಬಿರುಕಿದ್ದರೆ ಬೇಡ. ಕೆಳಗಿನ ಬ್ಲೇಡಿನ ತುದಿ ಮೇಲಿನದರ ಮೈಯನ್ನು ತಿಂದು ಗುಳಿ ಮಾಡಿದ್ದರೆ ಬೇಡ. ಎಲ್ಲಾದರೂ ವೆಲ್ಡಿಂಗಿನ ಗುರುತಿದ್ದರೆ ಅಂಗಡಿಯವರು ಎಷ್ಟೇ ‘ಗ್ಯಾರಂಟಿ ಅಣ್ಣ’ ಎಂದರೂ ಬೇಡ. ಸ್ಪ್ರಿಂಗಿನ ಉಕ್ಕು ಸಿಲಿಕಾನ್ ಬೆರೆತದ್ದು, ಕಾಯಿಸಿ ಎಣ್ಣೆಯಲ್ಲಿ ಅದ್ದಿ ಮತ್ತೆ ಹದವಾಗಿ ಕಾಯಿಸಿ ಪಳಗಿಸಿದ್ದು. ವೆಲ್ಡಿಂಗಿನ ಶಾಖ ತಾಗಿದ ಪಕ್ಕದಲ್ಲೇ ಅದು ಬಳಪದ ಹಾಗೆ ಪಟ್ಟೆಂದು ಮುರಿಯುತ್ತದೆ. ಇದೇ ಕಾರಣಕ್ಕೆ ಬ್ಲೇಡನ್ನು ಗ್ಯಾಸ್ ಕಟರಿನಲ್ಲಿ ಕತ್ತರಿಸಬಾರದು, ತೂತು ಸುಡಬಾರದು. ಗ್ರೈಂಡರಿನಲ್ಲಿ ನಿಧಾನವಾಗಿ, ನೀರು ಬಿಡುತ್ತ ಕತ್ತರಿಸಿ.

ಜೋತುಬಿದ್ದ ಬ್ಲೇಡನ್ನು ಬಡಿಸಿ ಬಾಗು ತರಿಸುವವರೂ ಇದ್ದಾರೆ. ಹೆದ್ದಾರಿಯ ಪಕ್ಕ ಬ್ಲೇಡ್ ಕೆಲಸದ ಶೆಡ್ಡುಗಳಲ್ಲಿ ಸುತ್ತಿಗೆಯಿಂದ ತಣ್ಣಗಿರುವಾಗಲೇ ಇಂಚಿಂಚೂ ತಟ್ಟುತ್ತ ಹೋಗುತ್ತಾರೆ. ನೋಡಲು ಚಂದದ ಕೆಲಸ. ಮೇಸ್ತ್ರಿ ಒಳ್ಳೆಯವರಾದರೆ ಎಡ-ಬಲದ ಎರಡು ಸೆಟ್ಟುಗಳ ಬಾಗು ದಾರ ಹಿಡಿದು ಅಳೆದರೂ ವ್ಯತ್ಯಾಸ ಬರದಂತೆ ಮಾಡಿಕೊಡುತ್ತಾರೆ. ಆದರೆ ದಣಿದ ಉಕ್ಕು ಕೆಲವು ತಿಂಗಳಲ್ಲಿ ಮತ್ತೆ ತನ್ನ ಹಳೆಯ ಭಂಗಿಗೇ ಮರಳುತ್ತದೆ.

ಎತ್ತರವೋ, ತಗ್ಗೋ

ಕ್ಯಾಲಿಫೋರ್ನಿಯಾದವರು ಗಾಡಿಯನ್ನು ನೆಲಕ್ಕೆ ತಗ್ಗಿಸಲು ಪ್ರಾಣ ಬಿಡುತ್ತಿದ್ದರು. ಹೆನ್ರಿ ಫೋರ್ಡನ ಕಾರುಗಳಿಗೆ ಮುಂದೊಂದು, ಹಿಂದೊಂದು, ಅಡ್ಡಲಾಗಿ ಕೂರಿಸಿದ ಎರಡೇ ಬ್ಲೇಡ್ ಸೆಟ್ಟು. ಅದರಿಂದ ಒಂದೆರಡು ಬ್ಲೇಡು ಕಿತ್ತರೆ ಗಾಡಿ ತಗ್ಗುತ್ತಿತ್ತು. ಮೈನ್ ಬ್ಲೇಡಿನ ತುದಿಯ ಸುರುಳಿಯನ್ನು ಮೇಲ್ಮುಖದ ಬದಲು ಕೆಳಮುಖವಾಗಿ ಸುತ್ತಿಸಿದರೆ ಇನ್ನೂ ಒಂದಿಂಚಿನಷ್ಟು ತಗ್ಗು.

ನಮ್ಮಲ್ಲಿ ತಗ್ಗಿಸಿದ ಗಾಡಿ ಮೊದಲ ಹಂಪಿನ ಮೇಲೆಯೇ ಹೊಟ್ಟೆ ಊರಿ ಕುಳಿತುಕೊಳ್ಳುತ್ತದೆ. ಮನೆಗೊಂದರಂತೆ ಹಂಪು ಹಾಕಿಸಿಕೊಂಡ ಊರುಗಳು ನಮ್ಮವು. ಆದ್ದರಿಂದ ಇಲ್ಲಿಯ ಹುಡುಗರದು ಎತ್ತರದ ಹುಚ್ಚು. ಹಳೆಯ ಜೀಪಿನಲ್ಲಿ ಬ್ಲೇಡು ಆಕ್ಸಲ್ಲಿನ ಕೆಳಗಿರುತ್ತದೆ. ಅದನ್ನು ಆಕ್ಸಲ್ಲಿನ ಮೇಲಕ್ಕೆ ಕೂರಿಸಿದರೆ ಜೀಪು ಒಂದೇ ಏಟಿಗೆ ಗೇಣಿನ ಅರ್ಧಕ್ಕಿಂತ ಹೆಚ್ಚು ಮೇಲೇರುತ್ತದೆ. ಆಗ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಜಾಯಿಂಟ್ ಕ್ರಾಸು ತಿಂಗಳಿಗೊಂದು ಬೇಡುತ್ತದೆ, ಸ್ಟೇರಿಂಗಿನ ರಾಡು ಓರೆಯಾಗುತ್ತದೆ, ತಿರುವಿನಲ್ಲಿ ಜೀಪು ಅಂಗಾತವಾಗುವ ಸಂಭವ ಹೆಚ್ಚುತ್ತದೆ. ಫೋಟೋ ಮಾತ್ರ ಚೆನ್ನಾಗಿ ಬರುತ್ತದೆ. ಸಾವನದುರ್ಗದ ಬಂಡೆ ಹಿನ್ನೆಲೆಗಿದ್ದರಂತೂ ಕೇಳುವುದೇ ಬೇಡ. ಆ ಬಂಡೆಯ ನೆತ್ತಿ ಸಮುದ್ರಮಟ್ಟದಿಂದ 1,226 ಮೀಟರ್ ಮೇಲಿದೆ, ನಿಮ್ಮ ಅರ್ಧ ಗೇಣು ಅದಕ್ಕೆ ಲೆಕ್ಕವಿಲ್ಲ.

ಕೂರಿಸುವುದು

ಭಾನುವಾರ ಬೇಡ. ಭಾನುವಾರ ಸಲಹೆಗಾರರು ಜಾಸ್ತಿ.

ಬ್ಲೇಡುಗಳನ್ನು ತಂತಿ ಬ್ರಷ್ಷಿನಲ್ಲಿ ತಿಕ್ಕಿ, ನಡುವೆ ಗ್ರಾಫೈಟ್ ಗ್ರೀಸನ್ನು ತೆಳುವಾಗಿ ಸವರಿ. ತೆಳುವಾಗಿ ಎಂದರೆ ಉಪವಾಸದ ದಿನದ ದೋಸೆಗೆ ಹಾಕುವ ಎಣ್ಣೆಯಷ್ಟೇ. ಹೆಚ್ಚಾದರೆ ರಾಗಿ ಹೊಲದ ಧೂಳು ಅದರಲ್ಲಿ ಕಲಸಿಕೊಂಡು ಉಜ್ಜುವ ಕಾಗದದ ಕೆಲಸ ಮಾಡುತ್ತದೆ. ಬ್ಲೇಡು ಬ್ಲೇಡಿನ ನಡುವೆ ಅಷ್ಟಿಷ್ಟು ತಿಕ್ಕಾಟ ಇರಲೇಬೇಕು ಕೂಡ. ಕುಲುಕಾಟವನ್ನು ತಣಿಸುವುದರಲ್ಲಿ ಅದಕ್ಕೂ ಪಾಲಿದೆ. ಒಂದರ ಮೇಲೊಂದು ಪೇರಿಸಿ, ಸೆಂಟರ್ ಬೋಲ್ಟಿನ ತೂತಿಗೆ ಮೊದಲು ಉದ್ದನೆಯ ಒಂದು ಬೋಲ್ಟು ತೂರಿಸಿ, ಎರಡು ಕಡೆ ಸಿ-ಕ್ಲ್ಯಾಂಪ್ ಹಾಕಿ ನಿಧಾನವಾಗಿ ಬಿಗಿಯುತ್ತ ಬನ್ನಿ. ಪೂರ್ತಿ ಅಪ್ಪಿದ ಮೇಲೆ ಆ ಬೋಲ್ಟು ತೆಗೆದು ಅಸಲಿ ಸೆಂಟರ್ ಬೋಲ್ಟು ಹಾಕಿ.

ಬ್ಲೇಡಿನ ತುದಿಯ ಸುರುಳಿಯೊಳಗೆ ಕೂರುವ ಬುಷ್ ಯಾವುದು ಎಂಬ ಪ್ರಶ್ನೆಗೆ ಚನ್ನಪಟ್ಟಣದಲ್ಲಿ ಒಂದು ಆಕರ್ಷಣೆ ಕಾದಿದೆ. ಅಲ್ಲಿ ಆಲೆ ಮರವನ್ನು ಲೇತಿಗೆ ಕೊಟ್ಟು, ಅರಗು ಮೆತ್ತಿ, ಗಾಜಿನಂತೆ ಹೊಳೆಯುವ ಚಕ್ರ, ಗೊಂಬೆ, ಪುಟಾಣಿ ಜೀಪು ಎಲ್ಲವನ್ನೂ ತೆಗೆಯುತ್ತಾರೆ. ‘ಇದರಲ್ಲೇ ನಾಲ್ಕು ಬುಷ್ ಹೊಡೆದು ಕೊಡಿ’ ಎಂದು ಕೇಳುವ ಮನಸ್ಸಾಗುತ್ತದೆ. ಕೇಳಬೇಡಿ. ಭೌಗೋಳಿಕ ಗುರುತು ಪಡೆದ ಕಲೆ ಅದು, ಗ್ರೀಸಿನಲ್ಲಿ ಅದ್ದುವುದಕ್ಕಲ್ಲ. ಮಕ್ಕಳಿಗೆ ಒಂದು ಗೊಂಬೆ ಜೀಪು ಕೊಂಡು, ಅದಕ್ಕೆ ಬ್ಲೇಡೇ ಇಲ್ಲವೆಂಬುದನ್ನು ಗಮನಿಸಿ, ರಬ್ಬರಿನ ಬುಷ್ ತರಲು ಹೊರಡಿ.

ಸೆಟ್ಟಿನ ಒಂದು ತುದಿ ಚಾಸಿಗೆ ಗಟ್ಟಿಯಾಗಿ, ಇನ್ನೊಂದು ತುದಿ ಶಾಕಲ್ಲಿನ ಮೂಲಕ ತೂಗುವಂತೆ ಇರಬೇಕು. ಬಾಗಿದ ಬ್ಲೇಡು ಭಾರಕ್ಕೆ ಚಪ್ಪಟೆಯಾದಾಗ ಉದ್ದವಾಗುತ್ತದೆ. ಆ ಹೆಚ್ಚುವರಿ ಉದ್ದಕ್ಕೆ ಜಾಗ ಕೊಡುವುದೇ ಶಾಕಲ್ಲಿನ ಕೆಲಸ. ಎರಡೂ ತುದಿಯನ್ನು ಗಟ್ಟಿಯಾಗಿ ಬೆಸೆದರೆ ಬ್ಲೇಡು ಎಲ್ಲಿಗೂ ಹೋಗಲಾರದೆ ಚಾಸಿಯನ್ನೇ ತಳ್ಳುತ್ತದೆ. ಇಂಥದ್ದನ್ನೂ ಮಾಡಿದವರಿದ್ದಾರೆ, ಆ ಗಾಡಿಗಳನ್ನು ಕೋಳಿಗಳು ಬಳಸುತ್ತಿವೆ.

ಸೆಂಟರ್ ಬೋಲ್ಟಿನ ತಲೆ ಆಕ್ಸಲ್ಲಿನ ಗದ್ದುಗೆಯ ತೂತಿನಲ್ಲಿ ಸರಿಯಾಗಿ ಕೂತಿತೇ ನೋಡಿ, ಆಮೇಲೆ ಯು ಬೋಲ್ಟು. ಇಲ್ಲೊಂದು ತಪ್ಪು ತಿಳಿವಳಿಕೆ ಹಳೆಯದು: ಆಕ್ಸಲ್ಲನ್ನು ಹಿಡಿದಿಟ್ಟಿರುವುದು ಸೆಂಟರ್ ಬೋಲ್ಟು ಎಂದು. ಅದು ಬರೀ ಜಾಗ ತೋರಿಸುವ ಶಾನುಭೋಗ. ದುಡಿಯುವುದು ಯು ಬೋಲ್ಟು. ಯು ಬೋಲ್ಟು ಸಡಿಲವಾದರೆ ಎಲ್ಲ ಹೊರೆ ಶಾನುಭೋಗರ ಮೇಲೆ ಬಿದ್ದು ಅವರು ಎರಡು ತುಂಡಾಗುತ್ತಾರೆ. ಆಕ್ಸಲ್ಲು ಒಂದು ಕಡೆ ಹಿಂದಕ್ಕೆ ಸರಿದು, ಜೀಪು ಮುಖ ಮಾಗಡಿಗೆ ಮಾಡಿಕೊಂಡು ಕುಣಿಗಲ್ಲಿನ ಕಡೆ ಓಡತೊಡಗುತ್ತದೆ. ನಾಲ್ಕು ನಟ್ಟುಗಳನ್ನು ಒಂದಾದ ಮೇಲೆ ಪಕ್ಕದ್ದೊಂದು ಎಂದಲ್ಲ, ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಹಳೆಯ ಯು ಬೋಲ್ಟು ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಬಳಸಬೇಡಿ, ಅದು ಒಮ್ಮೆ ಎಳೆಸಿಕೊಂಡು ದಣಿದಿರುತ್ತದೆ.

ಬುಷ್ಷಿನ ಬೋಲ್ಟುಗಳನ್ನು ಈಗಲೇ ಪೂರ್ತಿ ಬಿಗಿಯಬೇಡಿ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಅದು ನಾಲ್ಕು ಚಕ್ರದ ಮೇಲೆ ನಿಂತು, ಬ್ಲೇಡು ತನ್ನ ಬಾಗಿಗೆ ಬಂದ ಮೇಲೆ ಬಿಗಿಯಿರಿ. ಮೇಲೆ ತೂಗುತ್ತಿರುವಾಗಲೇ ಬಿಗಿದರೆ ರಬ್ಬರು ಹುಟ್ಟಿನಿಂದಲೇ ತಿರುಚಿಕೊಂಡು, ಬೇಗ ಹರಿಯುತ್ತದೆ.

ಈಗ ಭಾವಮೈದ ಇನ್ನೊಮ್ಮೆ ಬರುತ್ತಾನೆ. ಅವನ ಲಾರಿ ಬ್ಲೇಡು ಎಲ್ಲಿ ಹಾಕಿದ್ದೀರಿ ಎಂದು ಕೇಳುತ್ತಾನೆ. ‘ಒಳಗಡೆ ಐತೆ’ ಎಂದು ಹೇಳಿ. ಮನೆಯ ಒಳಗಡೆ ಎಂದು ವಿವರಿಸುವ ಅಗತ್ಯವಿಲ್ಲ.

ಪರೀಕ್ಷೆ

ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲವನ್ನೂ ಬಳಸಿ ಹೋಗುತ್ತದೆ. ಅದರ ಮೇಲೆ ಮರದ ದಿಮ್ಮಿಗೆ ಚಕ್ರ ಹಚ್ಚಿದರೂ ಮೆತ್ತಗೇ ಓಡೀತು. ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶವಿಲ್ಲ. ನಿಮ್ಮ ಜೀಪನ್ನು ಕಂಡರೆ ಅಲ್ಲಿ ತಡೆಯುವವರು ಈ ಮೂರರಲ್ಲಿ ಯಾವುದೆಂದು ಚರ್ಚೆ ಮಾಡುವ ಸಂಭವವಿದೆ.

ಬದಲಿಗೆ ಹಳ್ಳಿಯ ರಸ್ತೆ ಹಿಡಿಯಿರಿ, ಕಾಗದಪತ್ರ ಸರಿಯಿಲ್ಲದವರು ತೋಪಿನ ಒಳಗೇ ಸುತ್ತಿ. ಎರಡು ಪರೀಕ್ಷೆಗಳನ್ನು ಶಿಫಾರಸು ಮಾಡುತ್ತೇನೆ. ಮೊದಲನೆಯದು ರಸಪುರಿ ಪರೀಕ್ಷೆ. ಮೇ ತಿಂಗಳಲ್ಲಿ, ಮುಟ್ಟಿದರೆ ಕುಗ್ಗುವಷ್ಟು ಹಣ್ಣಾದ ರಸಪುರಿಯನ್ನು ಹುಲ್ಲು ಹಾಸದ ಕ್ರೇಟಿನಲ್ಲಿಟ್ಟು ಹಿಂದಿನ ಸೀಟಿಗೆ ಕಟ್ಟಿ. ತಿರುಗಿ ಬಂದಾಗ ಕ್ರೇಟಿನ ತಳ ಒಣಗಿದ್ದರೆ ಬ್ಲೇಡು ಪಾಸು. ತಳದಲ್ಲಿ ಸೀಕರಣೆ ತಯಾರಾಗಿದ್ದರೆ ಒಂದು ಬ್ಲೇಡು ಕಿತ್ತು ಮತ್ತೆ ಹೊರಡಿ. ತೋತಾಪುರಿ ಇಟ್ಟು ಪಾಸು ಮಾಡಿಕೊಳ್ಳುವುದು ಕಾಪಿ ಹೊಡೆದಂತೆ.

ಎರಡನೆಯದು ಅಜ್ಜಿ ಪರೀಕ್ಷೆ, ಇನ್ನೂ ಕಠಿಣ. ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಎಲೆ ಅಡಿಕೆಯ ಸಂಚಿ ಕೈಗೆ ಕೊಡಿ. ಗಾಡಿ ಓಡುತ್ತಿರುವಾಗ ಅವರು ಎಲೆಗೆ ಸುಣ್ಣ ಸವರಬೇಕು. ಸುಣ್ಣ ಎಲೆಯ ಮೇಲೆ ಬಿದ್ದರೆ ನಿಮ್ಮ ಲೆಕ್ಕ ಸರಿಯಿದೆ. ಸೆರಗಿನ ಮೇಲೆ ಬಿದ್ದರೆ ಬ್ಲೇಡು ಗಡಸು. ಮುಂದೆ ಕೂತ ನಿಮ್ಮ ಕತ್ತಿನ ಮೇಲೆ ಬಿದ್ದರೆ ಶಾಕ್ ಅಬ್ಸಾರ್ಬರು ಸತ್ತಿದೆ: ಬ್ಲೇಡು ಮೆತ್ತಗಿದ್ದು ಕುಲುಕಾಟ ನಿಲ್ಲುತ್ತಿಲ್ಲ ಎಂದರ್ಥ. ‘ಏನ್ಲಾ ಮಗ, ಇದ್ಕಿಂತ ನಿಮ್ಮಜ್ಜನ ಎತ್ತಿನ ಗಾಡೀನೇ ವಾಸಿಯಾಗಿತ್ತು ಕಣ್ಲಾ’ ಎಂದು ಅವರು ಹೇಳಿದರೆ ಯಾವ ಬೋಲ್ಟನ್ನೂ ಮುಟ್ಟಬೇಡಿ. ಅದು ಎಲ್ಲ ಗಾಡಿಗಳ ಬಗ್ಗೆಯೂ ಅವರು ಹೇಳುವ ಮಾತು.

ಹೋಲಿಕೆಗೆ ಬೇರೊಂದು ಗಾಡಿ ಬೇಕೆನಿಸಿದರೆ ಕನಕಪುರದಿಂದ ಸಂಗಮಕ್ಕೆ ಹೋಗಿ ಬನ್ನಿ. ಅರ್ಕಾವತಿ ಕಾವೇರಿಗೆ ಸೇರುವ ಜಾಗ. ಅಲ್ಲಿ ನದಿ ದಾಟಿದ ಮೇಲೆ ಮೇಕೆದಾಟಿಗೆ ಇನ್ನೂ ನಾಲ್ಕು ಕಿಲೋಮೀಟರಿನಷ್ಟು ಕಾಡುದಾರಿ. ಆ ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತು ಓಡಾಡಿದ ಹಳೆಯ ಬಸ್ಸುಗಳನ್ನು ಕಂಡವರಿಗೆ ಗೊತ್ತು, ಕಿಟಕಿ, ಬಾಗಿಲು, ಬಣ್ಣ ಏನೆಲ್ಲ ಬಿಟ್ಟುಹೋದ ಮೇಲೂ ಒಂದು ಗಾಡಿಯನ್ನು ಗಾಡಿಯಾಗಿ ಉಳಿಸುವುದು ಎಂಜಿನ್ನು ಮತ್ತು ನಾಲ್ಕು ಬ್ಲೇಡ್ ಸೆಟ್ಟು ಎಂದು. ನನ್ನ ಮಟ್ಟಿಗೆ ಕರ್ನಾಟಕದ ಶುದ್ಧಾತಿಶುದ್ಧ ಹಾಟ್ ರಾಡ್ ಅವೇ.

ತೊಂದರೆ ಮತ್ತು ಪರಿಹಾರ

ಜೀಪು ಒಂದು ಕಡೆಗೆ ವಾಲುತ್ತಿದೆಯೇ? ಎರಡು ಸೆಟ್ಟನ್ನೂ ಬಿಚ್ಚಿ ಬಾಗು ಅಳೆಯಿರಿ. ಅದಕ್ಕೆ ಮುಂಚೆ ಡ್ರೈವರಿನ ಸೊಂಟ ಅಳೆಯಿರಿ. ಕಿರ್‌ಕಿರ್ ಎನ್ನುತ್ತಿದೆಯೇ? ಬುಷ್ ಒಣಗಿದೆ. ಬ್ರೇಕು ಒತ್ತಿದಾಗ ಹಿಂದೆ ದಡ್ ಎನ್ನುತ್ತಿದೆಯೇ? ಆಕ್ಸಲ್ಲು ತಿರುಚಿಕೊಳ್ಳುವಾಗ ಬ್ಲೇಡು ಎಸ್ ಆಕಾರಕ್ಕೆ ಹೋಗಿ ಬರುತ್ತಿದೆ. ಬ್ಲೇಡುಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್ಪುಗಳು ಇವೆಯೇ ನೋಡಿ. ಮೊದಲ 100 ಕಿಲೋಮೀಟರಿನ ನಂತರ ಯು ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ಈ ಒಂದು ಸಾಲನ್ನು ಪಾಲಿಸದವರ ಪತ್ರಗಳಿಗೆ ಉತ್ತರಿಸಲಾಗುವುದಿಲ್ಲ.

ಹೆಚ್ಚಾಗಿ ಉಳಿದ ಬ್ಲೇಡು

ಲಾರಿಯ ಬ್ಲೇಡನ್ನು ಗುಜರಿಗೆ ಹಾಕಬೇಡಿ. ಸುತ್ತಲಿನ ಯಾವುದಾದರೂ ಹಳ್ಳಿಯಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ಅಲ್ಲಿಗೆ ಒಯ್ಯಿರಿ. ಮಚ್ಚು, ಕುಡುಗೋಲು, ಹಿಪ್ಪುನೇರಳೆ ಕಡ್ಡಿ ಸವರುವ ಕತ್ತಿ, ಎಲ್ಲಕ್ಕೂ ಕಮ್ಮಾರರು ಮೊದಲು ಕೇಳುವ ಉಕ್ಕು ಇದೇ. ಜೀಪಿನ ಕೆಳಗೆ ಬಗ್ಗದೆ ಹಟ ಹಿಡಿಯುತ್ತಿದ್ದ 12 ಮಿಲಿಮೀಟರು ಅಲ್ಲಿ ಕೆಂಪಗೆ ಕಾದು, ಏಟು ತಿಂದು ತೆಳ್ಳಗಾಗುತ್ತದೆ. ಕೊನೆಗೆ ಬಾಯಿಯ ಭಾಗವನ್ನು ಮಾತ್ರ ಅದ್ದಿ ತೆಗೆಯಲು ಹೇಳಿ. ಬೆನ್ನು ಮೆತ್ತಗೇ ಉಳಿಯಬೇಕು, ಇಲ್ಲದಿದ್ದರೆ ಎಳನೀರಿನ ಮೊದಲ ಏಟಿಗೇ ಮಚ್ಚು ಮುರಿಯುತ್ತದೆ. ಒಂದು ಲಾರಿ ಬ್ಲೇಡಿಗೆ ಒಂದಕ್ಕಿಂತ ಹೆಚ್ಚು ಮಚ್ಚು ಆಗುತ್ತವೆ. ಒಂದನ್ನು ನೀವು ಇಟ್ಟುಕೊಳ್ಳಿ, ಇನ್ನೊಂದನ್ನು ಭಾವಮೈದನಿಗೆ ಕೊಡಿ. ಎಷ್ಟು ಗಟ್ಟಿ ಐತೆ ನೋಡಿ ಭಾವ, ನಾನೇ ತಂದ್ಕೊಟ್ಟಿದ್ದು ಎಂದು ಅವನು ಊರೆಲ್ಲ ತೋರಿಸಿಕೊಂಡು ಬರುತ್ತಾನೆ.